ನಮ್ಮ ಹೋಬಳಿಗೆ ಕಸ ಸಂಸ್ಕರಣಾ ಘಟಕ ಬರುತ್ತಂತೆ, ಏನೇನು ಕೇಳಬೇಕು?

ರಾಗಿಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ದೊಡ್ಡಬಳ್ಳಾಪುರ ಕಡೆ ಒಂದು ಸಣ್ಣ ಹಳ್ಳಿ. ಊರಾಚೆ ಗೋಮಾಳದಲ್ಲಿ ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗಿದ್ದಾರೆ. ಬೆಂಗಳೂರಿನ ಕಸಕ್ಕೆ ಅಲ್ಲಿ ಘಟಕ ಮಾಡುತ್ತಾರಂತೆ. ಕೇಳಿದರೆ "ಇದು ಡಂಪಿಂಗ್ ಯಾರ್ಡ್ ಅಲ್ಲ. ಇಲ್ಲಿ ಕಸ ಹೂಳಲ್ಲ. ಗೊಬ್ಬರ ಮಾಡ್ತೀವಿ, ಗ್ಯಾಸ್ ಮಾಡ್ತೀವಿ, ವಾಸನೆಯೇ ಇರಲ್ಲ" ಅನ್ನುತ್ತಾರೆ. ಊರಲ್ಲಿ ಆಗಲೇ ಎರಡು ಪಂಗಡ ಆಗಿದೆ. ಹುಡುಗರಿಗೆ ಕೆಲಸ ಸಿಗುತ್ತೆ, ರೋಡ್ ಆಗುತ್ತೆ ಅಂತ ಆಸೆ. ಹಿರಿಯರು ನಮ್ಮ ತಾಲೂಕಿನಲ್ಲೇ ಬೆಂಗಳೂರಿನ ಕಸ ಸುರಿದ ಗುಂಡ್ಲಹಳ್ಳಿ ಹೆಸರು ಹೇಳಿ ಬೈಯುತ್ತಾರೆ. ಸುಮ್ನೆ ಬೇಡ ಅನ್ನೋದಕ್ಕಿಂತ ಸರಿಯಾದ ಪ್ರಶ್ನೆ ಕೇಳೋಣ ಅಂತ ನನ್ನ ಲೆಕ್ಕ. ಗೊತ್ತಿರುವವರು ಹೇಳಿ, ಏನು ಕೇಳಬೇಕು? ಇಂಥ ಘಟಕ ಎಲ್ಲಾದರೂ ಸರಿಯಾಗಿ ನಡೆದಿದೆಯಾ?

ಆರನೇ ಮಹಡಿ
ನಾನು ನಗರದವಳು. ಬೆಂಗಳೂರಲ್ಲಿ ದಿನಕ್ಕೆ 5,000 ಟನ್‌ಗೂ ಜಾಸ್ತಿ ಕಸ ಬರುತ್ತದೆ. ಅದು ಎಲ್ಲಾದರೂ ಹೋಗಲೇಬೇಕಲ್ವಾ? ಹಳೇ ಕಲ್ಲು ಕ್ವಾರಿಗೆ ಸುರಿಯುವುದಕ್ಕಿಂತ ಘಟಕ ಮಾಡಿ ಗೊಬ್ಬರ ಮಾಡುವುದು ಎಷ್ಟೋ ಮೇಲು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಡುಗೆಮನೆಯ ಹಸಿ ಕಸ. ಅದನ್ನು ಹೂತರೆ ಮೀಥೇನ್ ಆಗುತ್ತದೆ, ಕೊಳೆತ ನೀರು ಬೋರ್‌ವೆಲ್‌ಗೆ ಇಳಿಯುತ್ತದೆ. ಎಲ್ಲರೂ "ನಮ್ಮೂರಲ್ಲಿ ಬೇಡ" ಅಂದರೆ ಹೇಗೆ? ದಯವಿಟ್ಟು ತಪ್ಪು ತಿಳಿಯಬೇಡಿ, ಜಗಳಕ್ಕೆ ಹೇಳುತ್ತಿಲ್ಲ.

ಕ್ವಾರಿ ಪಕ್ಕ
ಮೇಡಂ, ನೀವು ಆರನೇ ಮಹಡಿಯಲ್ಲಿದ್ದೀರಿ. ನಾನು ಬೆಳ್ಳಹಳ್ಳಿ ಕಡೆಯವನು. ನಮ್ಮ ಕಿಟಕಿ ತೆಗೆದರೆ ನಿಮ್ಮ ಮನೆ ಕಸವೇ.

"ಘಟಕ" ಅನ್ನೋದು ನಾವು ಇವತ್ತು ಹೊಸದಾಗಿ ಕೇಳುತ್ತಿರುವ ಮಾತಲ್ಲ. ಮಾವಳ್ಳಿಪುರದಲ್ಲೂ ಸಂಸ್ಕರಣೆ ಅಂತಲೇ ಹೇಳಿದ್ದರು. ಕೊನೆಗೆ ಬೆಟ್ಟ ಆಯಿತು, ಊರಿನ ನೀರು ಕೆಟ್ಟಿತು, ಜನ ರೋಡಿಗೆ ಬಂದರು, 2012ರಲ್ಲಿ ಬಾಗಿಲು ಹಾಕಿದರು. ಆಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸ ರಾಶಿ ಬಿದ್ದಿದ್ದು ನೆನಪಿದೆಯಲ್ವಾ? ಮಂಡೂರಿನಲ್ಲಿ ಕಸದಿಂದ ಕರೆಂಟು ಅಂದರು. ಕರೆಂಟು ಬರಲಿಲ್ಲ, ಲಾರಿಗಳು ಮಾತ್ರ ತಪ್ಪದೆ ಬಂದವು. 2014ರಲ್ಲಿ ಊರವರು ಗಾಡಿ ತಡೆದ ಮೇಲೆಯೇ ನಿಂತಿದ್ದು. ಆಮೇಲೆ ನಮ್ಮ ಕಡೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಕ್ವಾರಿಗಳು. ಒಂದು ಊರು ಎದ್ದು ನಿಂತರೆ ಇನ್ನೊಂದು ಊರು ಹುಡುಕುತ್ತಾರೆ. ಬೋರ್ಡ್ ಮೇಲಿನ ಹೆಸರು ಬದಲಾಗುತ್ತೆ, ಅಷ್ಟೆ.

ರಾಗಿಹೊಲ ಅಣ್ಣಾ, ನನ್ನ ಸಲಹೆ ಕೇಳಿದರೆ ಸಹಿ ಮಾಡಬೇಡಿ.

ಜರಡಿ
ನಾನು ಒಂದು ಕಾಂಪೋಸ್ಟ್ ಘಟಕದಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದೆ. ಯಾವುದು ಅಂತ ಕೇಳಬೇಡಿ. ಕ್ವಾರಿ ಪಕ್ಕದವರ ಸಿಟ್ಟು ನ್ಯಾಯವೇ. ಆದರೆ ಘಟಕ ಯಾಕೆ ಡಂಪ್ ಆಗುತ್ತದೆ ಅನ್ನೋದನ್ನು ಒಳಗಿನಿಂದ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಗಾಡಿ ಬಂದ ತಕ್ಷಣ ವೇಬ್ರಿಜ್ ಮೇಲೆ ತೂಕ. ಆಮೇಲೆ ಹಸಿ ಕಸವನ್ನು ಉದ್ದುದ್ದ ರಾಶಿ ಹಾಕುತ್ತೇವೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ. ಅದಕ್ಕೆ ವಿಂಡ್ರೋ ಅನ್ನುತ್ತಾರೆ. ವಾರಕ್ಕೊಂದು ಸಲ ಮಗುಚಬೇಕು. ಮಗುಚಿದರೆ ಒಳಗೆ ಗಾಳಿ ಹೋಗುತ್ತದೆ, ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ, ರಾಶಿ 55ರಿಂದ 65 ಡಿಗ್ರಿವರೆಗೆ ಬಿಸಿಯಾಗುತ್ತದೆ. ಕಬ್ಬಿಣದ ಸರಳು ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಕ್ಕಾಗಬಾರದು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಬೇಕು, ಸುರಿಯಬಾರದು. ಸುರಿದರೆ ತೇವ ಜಾಸ್ತಿ, ಗಾಳಿ ಆಡಲ್ಲ, ಅಲ್ಲಿಂದಲೇ ನಾತ ಶುರು. ನಾಲ್ಕೈದು ವಾರ ಹೀಗೆ ಹಣ್ಣಾದ ಮೇಲೆ ಟ್ರಾಮೆಲ್‌ಗೆ ಹಾಕುತ್ತೇವೆ. ಅದು ಸುತ್ತುವ ದೊಡ್ಡ ಜರಡಿ. ಮೊದಲು ದೊಡ್ಡ ಕಣ್ಣು, ಕೊನೆಗೆ 4 ಮಿಲಿಮೀಟರ್ ಕಣ್ಣು. ಅದರಿಂದ ಕೆಳಗೆ ಬಿದ್ದದ್ದು ಗೊಬ್ಬರ.

ಚೆನ್ನಾಗಿ ಬೇರ್ಪಡಿಸಿದ 100 ಟನ್ ಹಸಿ ಕಸ ಬಂದರೆ 15ರಿಂದ 20 ಟನ್ ಗೊಬ್ಬರ ಸಿಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಆವಿಯಾಗಿ ಹೋಗುತ್ತದೆ. ಜರಡಿ ಮೇಲೆ ಉಳಿಯುವುದು ಸ್ವಲ್ಪ. ಮಿಶ್ರ ಕಸ ಬಂದರೆ ಕಥೆಯೇ ಬೇರೆ. ನಾನು ನೋಡಿದ ಹಾಗೆ ಬಂದದ್ದರಲ್ಲಿ ಮೂರರಲ್ಲೊಂದು ಪಾಲು ಜರಡಿ ಮೇಲೇ ನಿಲ್ಲುತ್ತದೆ. ಹಾಲಿನ ಕವರ್, ಶಾಂಪೂ ಸ್ಯಾಶೆ, ಡೈಪರ್, ಹರಿದ ಚಪ್ಪಲಿ, ಥರ್ಮಾಕೋಲ್, ಎಳನೀರು ಬುರುಡೆ. ಇದಕ್ಕೆ ರಿಜೆಕ್ಟ್ ಅನ್ನುತ್ತೇವೆ. ಸುಡಲು ಯೋಗ್ಯವಾದದ್ದನ್ನು ಆರ್‌ಡಿಎಫ್, ಅಂದರೆ ಕಸದಿಂದ ಮಾಡಿದ ಇಂಧನ, ಅಂತ ಬೇಲ್ ಕಟ್ಟಿ ಸಿಮೆಂಟ್ ಫ್ಯಾಕ್ಟರಿಗೆ ಕಳಿಸಬೇಕು. ಅವು ಇರುವುದು ಕಲಬುರಗಿ, ಬಾಗಲಕೋಟೆ ಕಡೆ. ಲಾರಿ ಬಾಡಿಗೆ ಯಾರು ಕೊಡಬೇಕು? ಒದ್ದೆ ಇದ್ದರೆ, ಪಿವಿಸಿ ಜಾಸ್ತಿ ಇದ್ದರೆ ಅವರು ತೆಗೆದುಕೊಳ್ಳಲ್ಲ. ಹಾಗಾಗಿ ಬೇಲ್‌ಗಳು ಹಿತ್ತಲಲ್ಲೇ ಕೂರುತ್ತವೆ. ಮೊದಲು ಮೂಲೆಯಲ್ಲಿ, ಆಮೇಲೆ ಕಾಂಪೌಂಡ್ ಉದ್ದಕ್ಕೂ. ಆಮೇಲೆ ವಿಂಡ್ರೋ ಹಾಕುವ ಜಾಗಕ್ಕೇ ಬರುತ್ತವೆ. ಜಾಗ ಕಡಿಮೆ ಆದಾಗ ರಾಶಿ ಮಗುಚಕ್ಕಾಗಲ್ಲ. ಮಗುಚದಿದ್ದರೆ ನಾತ. ನಾತ ಬಂದರೆ ಊರವರು ಗೇಟ್ ಮುಂದೆ.

ಮಂಡೂರು, ಮಾವಳ್ಳಿಪುರ ಹೇಗೆ ಹಾಳಾಯಿತೋ ಅದರ ಸಣ್ಣ ರೂಪ ಇದು. ಹೂಳುವ ಉದ್ದೇಶ ಯಾರಿಗೂ ಇರಲ್ಲ. ಒಳಗೆ ಬಂದದ್ದು ಹೊರಗೆ ಹೋಗದೆ ಉಳಿಯುತ್ತದೆ.

ಇನ್ನೊಂದು. 200 ಟನ್ ಘಟಕಕ್ಕೆ ಆಯುಧಪೂಜೆ ಮಾರನೇ ದಿನ ಎಷ್ಟು ಬರುತ್ತೆ ಗೊತ್ತಾ? ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ. ಗಾಡಿಗಳು ರೋಡ್ ತನಕ ಕ್ಯೂ. "ಇವತ್ತು ಆಗಲ್ಲ" ಅಂತ ವಾಪಸ್ ಕಳಿಸುವ ಅಧಿಕಾರ ನಮಗೆ ಇರಲಿಲ್ಲ. ಮೇಲಿಂದ ಫೋನ್ ಬರುತ್ತಿತ್ತು, ಗೇಟ್ ತೆಗೆಯುತ್ತಿದ್ದೆವು.

ಆರನೇ ಮಹಡಿ
ಜರಡಿಯವರೇ, ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಒಂದು ಪ್ರಶ್ನೆ. ಆ ರಿಜೆಕ್ಟ್ ಸುಟ್ಟು ಕರೆಂಟ್ ಮಾಡಬಹುದಲ್ವಾ? ಬಿಡದಿಯಲ್ಲಿ ಆಗಿದೆಯಲ್ಲ?

ಜರಡಿ
ಆಗಿದೆ. ಬಿಡದಿ ಘಟಕ 11.5 ಮೆಗಾವ್ಯಾಟ್‌ನದು, ದಿನಕ್ಕೆ 600 ಟನ್ ಲೆಕ್ಕದಲ್ಲಿ ಕಟ್ಟಿದ್ದು. ಒಣ ರಿಜೆಕ್ಟ್‌ಗೆ ಅದು ದಾರಿಯೇ. ಆದರೆ ಅಲ್ಲಿಗೂ ಹಸಿ ಬೆರೆತ ಕಸ ಹೋಗಬಾರದು. 2016ರ ಘನತ್ಯಾಜ್ಯ ನಿಯಮದಲ್ಲಿ ಕಿಲೋಗೆ 1,500 ಕಿಲೋ ಕ್ಯಾಲರಿಗಿಂತ ಹೆಚ್ಚು ಶಾಖ ಕೊಡುವ ಕಸವನ್ನು ಹೂಳಬೇಡಿ, ಇಂಧನವಾಗಿ ಬಳಸಿ ಅಂತ ಇತ್ತು. ನಮ್ಮ ಮನೆಗಳ ಅನ್ನ, ಸಾರು, ತರಕಾರಿ ಸಿಪ್ಪೆಯಲ್ಲಿ ನೀರೇ ಜಾಸ್ತಿ. ಬಾಯ್ಲರ್‌ನ ಶಾಖ ಆ ನೀರು ಆರಿಸುವುದಕ್ಕೇ ಖರ್ಚಾಗುತ್ತೆ. ಸುಟ್ಟ ಮೇಲೆ ಬೂದಿ ಉಳಿಯುತ್ತದೆ, ಅದಕ್ಕೂ ಜಾಗ ಬೇಕು. ಕಡೆಗೆ ಸುತ್ತಿ ಬಳಸಿ ಅದೇ ಮಾತು: ಗೇಟಿಗೆ ಏನು ಬರುತ್ತೆ?

ಕುಡ್ಲದವ
ಮಂಗಳೂರಿನಿಂದ. ನಮ್ಮ ಪಚ್ಚನಾಡಿ ಕಥೆ ಗೊತ್ತಿರಬೇಕು ನಿಮಗೆ. 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರಕ್ಕೆ ಬಂತು. ನಿಧಾನಕ್ಕೆ ಬಂತು ಮಾರಾಯ್ರೆ, ದಿನಾ ಒಂದಿಷ್ಟು ಮುಂದೆ. ಅಡಿಕೆ ತೋಟ, ತೆಂಗಿನ ತೋಟ ಅಡಿಗೆ ಹೋಯಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಬಾವಿ ನೀರು ಕಪ್ಪು. ಅಲ್ಲೂ ಕಾಂಪೋಸ್ಟ್ ಘಟಕ ಇತ್ತು, ಪಕ್ಕದಲ್ಲೇ! ಘಟಕ ಉಂಟು ಅಂತ ಗುಡ್ಡ ಬೆಳೆಯುವುದು ನಿಲ್ಲಲಿಲ್ಲ.

ರಾಗಿಹೊಲ ಅವರೇ, ಇಳಿಜಾರು ನೋಡಿ. ನೀರು ಯಾವ ಕಡೆ ಹರಿಯುತ್ತದೆ, ಕೆಳಗೆ ಯಾರ ಬಾವಿ, ಯಾವ ಕೆರೆ. ನಕ್ಷೆಯಲ್ಲಿ ಗೆರೆ ಎಳೆದವರಿಗೆ ಇದು ಕಾಣುವುದಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಉಡುಪಿ ಜಿಲ್ಲೆ ಕಾರ್ಕಳದ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ವಿಂಗಡಿಸುವ ಘಟಕ ಉಂಟು. ಸುತ್ತಲಿನ ಪಂಚಾಯತ್‌ಗಳಿಂದ ಕಸ ಬರುತ್ತದೆ, ಒಣದ್ದು ಮಾತ್ರ. ಹಸಿ ಕಸ ಆಯಾ ಊರಲ್ಲೇ. ಹಾಗಾಗಿ ಬೆಂಗಳೂರಿನ ಸಮಸ್ಯೆ ಅಲ್ಲಿಲ್ಲ.

ಮೂರನೇ ಕ್ರಾಸ್
ಅದನ್ನೇ ನಾನು ಹೇಳಬೇಕು ಅಂತಿದ್ದೆ. ನೂರಾರು ಎಕರೆ ಘಟಕ ಯಾಕೆ ಬೇಕು? ಹಸಿ ಕಸ ವಾರ್ಡ್‌ನಲ್ಲೇ ಮುಗಿಯಬೇಕು. ನಮ್ಮ ರಸ್ತೆಯಲ್ಲಿ ಸುಮಾರು ಮನೆಗಳವರು ಟೆರೇಸ್ ಮೇಲೆ ಖಂಬ (ಗೊಬ್ಬರ ಮಾಡುವ ಮಣ್ಣಿನ ಮಡಕೆ) ಇಟ್ಟುಕೊಂಡಿದ್ದೇವೆ, ಪಾರ್ಕ್‌ನಲ್ಲಿ ಎಲೆ ಕಾಂಪೋಸ್ಟ್ ತೊಟ್ಟಿ ಇದೆ. ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವ ಅಪಾರ್ಟ್‌ಮೆಂಟ್, ಹೋಟೆಲ್, ಕಲ್ಯಾಣ ಮಂಟಪಗಳು ತಮ್ಮ ಹಸಿ ಕಸವನ್ನು ಆದಷ್ಟೂ ತಮ್ಮ ಜಾಗದಲ್ಲೇ ಸಂಸ್ಕರಿಸಬೇಕು ಅಂತ ನಿಯಮವೇ ಇತ್ತಲ್ಲ. 2015ರ ಕೊನೆಯಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲ ಅಂತ ಕಡ್ಡಾಯ ಮಾಡಿತು. ಹಸಿರು ಬುಟ್ಟಿಗೆ ಹಸಿ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್ ಇತ್ಯಾದಿ, ಚೀಲಕ್ಕೆ ಒಣ. ಅಷ್ಟು ಮಾಡಿದರೆ ಸಾಕು. ದೊಡ್ಡ ಘಟಕ ಕಟ್ಟಿದರೆ ಬೇರ್ಪಡಿಸುವ ಜನರೂ ಕೈಬಿಡುತ್ತಾರೆ.

ಜರಡಿ
ಸಣ್ಣದು ಒಳ್ಳೆಯದೇ. ಆದರೆ ವಾರ್ಡ್‌ಗಳಲ್ಲಿ 5 ಟನ್‌ನ ಬಯೋಗ್ಯಾಸ್ ಘಟಕ ಕಟ್ಟಿದ್ದರಲ್ಲ, ಬೀದಿದೀಪ ಉರಿಸುತ್ತೇವೆ ಅಂತ? ಅವುಗಳಲ್ಲಿ ಎಷ್ಟು ನಡೆಯುತ್ತಿವೆ ಅಂತ ಒಮ್ಮೆ ಸುತ್ತಿ ನೋಡಿ ಬನ್ನಿ. ಡೈಜೆಸ್ಟರ್, ಅಂದರೆ ಕಸ ಕೊಳೆಸಿ ಗ್ಯಾಸ್ ಮಾಡುವ ಟ್ಯಾಂಕ್, ಅದರ ಹೊಟ್ಟೆ ತುಂಬಾ ಸೂಕ್ಷ್ಮ. ಒಂದು ವಾರ ನಿಂಬೆ ಸಿಪ್ಪೆ, ಹುಳಿ ಪದಾರ್ಥ ಜಾಸ್ತಿ ಹಾಕಿದರೆ ಒಳಗೆ ಹುಳಿಯೇರಿ ಗ್ಯಾಸ್ ನಿಲ್ಲುತ್ತದೆ. ಒಂದು ಪ್ಲಾಸ್ಟಿಕ್ ದಾರ ಪಂಪ್‌ಗೆ ಸುತ್ತಿಕೊಂಡರೆ ಎರಡು ದಿನ ರಿಪೇರಿ. ನೋಡಿಕೊಳ್ಳುವವನಿಗೆ ಸಂಬಳ ಇಲ್ಲ, ಬಿಲ್ ಆಗಿಲ್ಲ ಅಂತ ಬೀಗ. ದೊಡ್ಡದು ಕೆಟ್ಟರೆ ಒಂದು ಊರು ಕೆಡುತ್ತದೆ. ಸಣ್ಣದು ಕೆಟ್ಟರೆ ಯಾರಿಗೂ ಗೊತ್ತಾಗಲ್ಲ, ಕಸ ಮಾತ್ರ ಮತ್ತೆ ಲಾರಿ ಹತ್ತುತ್ತದೆ.

ದೊಡ್ಡದು ನಡೆದದ್ದೂ ಇದೆ. ಇಂದೋರ್‌ನಲ್ಲಿ 2022ರಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಬಯೋ ಸಿಎನ್‌ಜಿ (ಗಾಡಿ ಓಡಿಸುವ ಗ್ಯಾಸ್) ಮಾಡುವ ಘಟಕ ಶುರುವಾಯಿತು. ದಿನಕ್ಕೆ ಸುಮಾರು 17,000 ಕಿಲೋ ಗ್ಯಾಸ್ ಅಂತ ಗುರಿ. ಅವರು ಮೊದಲು ಮನೆಮನೆಯಲ್ಲಿ ಬೇರ್ಪಡಿಸುವುದನ್ನು ಗಟ್ಟಿ ಮಾಡಿಕೊಂಡರು, ಆಮೇಲೆ ಘಟಕ ಕಟ್ಟಿದರು. ನಾವು ಘಟಕ ಕಟ್ಟಿ ಆಮೇಲೆ ಕಸ ಬೇರ್ಪಡಿಸಿ ಅಂತ ಜಾಹೀರಾತು ಕೊಡುತ್ತೇವೆ.

ಬೆಳಗ್ಗೆ ಆರೂವರೆ
ನಾನು ಕಸದ ಆಟೋ ಓಡಿಸುವವನು. ಎಲ್ಲರೂ ಜನ ಬೇರ್ಪಡಿಸಲ್ಲ, ಬೇರ್ಪಡಿಸಲ್ಲ ಅಂತಾರೆ. ನನ್ನ ಲೈನ್‌ನಲ್ಲಿ ಹೆಚ್ಚುಕಮ್ಮಿ ಅರ್ಧ ಮನೆಯವರು ನೀಟಾಗಿ ಕೊಡುತ್ತಾರೆ. ಹಸಿ ಬೇರೆ, ಒಣ ಬೇರೆ. ಕೆಲವರು ಪ್ಯಾಡ್‌ನ್ನು ಪೇಪರ್‌ನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡುತ್ತಾರೆ. ನಾನೂ ಗಾಡಿಯಲ್ಲಿ ಚೀಲ ಕಟ್ಟಿಕೊಂಡು ಬೇರೆಯೇ ಇಡುತ್ತೇನೆ. ಆದರೆ ಹತ್ತು ಗಂಟೆಗೆ ಪಾಯಿಂಟ್‌ಗೆ ಹೋದರೆ ಅಲ್ಲಿ ಇರುವುದು ಒಂದೇ ಕಾಂಪ್ಯಾಕ್ಟರ್, ಕಸ ಒತ್ತಿ ತುಂಬುವ ಲಾರಿ. ಹಸಿಗೂ ಅದೇ, ಕೆಂಪು ಬುಟ್ಟಿಗೂ ಅದೇ. ಒಳಗೆ ಹಾಕಿ ಪ್ರೆಸ್ ಒತ್ತಿದರೆ ಮುಗಿಯಿತು. ಅದರಿಂದ ಮತ್ತೆ ಬೇರ್ಪಡಿಸುವುದು ಸಾರಿಗೆ ಬಿದ್ದ ಉಪ್ಪು ಆರಿಸಿದ ಹಾಗೆ. ಕೇಳಿದರೆ "ಎರಡನೇ ಗಾಡಿ ಬಂದಿಲ್ಲ, ನೀನು ಸುರಿದು ಹೋಗು" ಅಂತ. ನಿಂತರೆ ನನ್ನ ಮುಂದಿನ ಟ್ರಿಪ್ ಲೇಟು.

ದಾರಿಯುದ್ದಕ್ಕೂ ಸೋರುವ ನೀರು ಇದೆಯಲ್ಲ, ಅದೂ ಇದರಿಂದಲೇ. ಹಸಿ ಕಸ ಒತ್ತಿದರೆ ನೀರು ಬಿಡದೆ ಇನ್ನೇನು?

ಆರನೇ ಮಹಡಿ
ಆರೂವರೆ ಅಣ್ಣಾ, ಇದು ಓದಿ ಬೇಜಾರಾಯಿತು. ನಮ್ಮ ಸೊಸೈಟಿಯಲ್ಲಿ ಬೇರ್ಪಡಿಸದವರಿಗೆ ದಂಡ ಹಾಕಿ ಎಷ್ಟು ಜಗಳ ಆಡಿದ್ದೇವೆ!

ಬೆಳಗ್ಗೆ ಆರೂವರೆ
ಬಿಡಬೇಡಿ ಮೇಡಂ. ನೀವು ಬಿಟ್ಟರೆ ಒಣ ಕಸದ ಸೆಂಟರ್‌ಗೆ ಹೋಗುವುದೂ ಕೆಡುತ್ತದೆ. ಅಲ್ಲಿ ಚಿಂದಿ ಆಯುತ್ತಿದ್ದ ಹೆಣ್ಣುಮಕ್ಕಳು ಈಗ ಕೂತು ವಿಂಗಡಿಸಿ ಮಾರುತ್ತಾರೆ. ಅವರ ಹೊಟ್ಟೆಪಾಡು ಅದು.

ರಾಗಿಹೊಲ
ಎಲ್ಲರಿಗೂ ಥ್ಯಾಂಕ್ಸ್. ಗೊಬ್ಬರದ ವಿಷಯ ನಾನೂ ಒಂದು ಮಾತು ಹೇಳುತ್ತೇನೆ. ಹಿಂದೆ ಒಮ್ಮೆ ಸಿಟಿ ಕಾಂಪೋಸ್ಟ್ ಒಂದು ಲೋಡ್ ಹಾಕಿಸಿದ್ದೆ, ಕೊಟ್ಟಿಗೆ ಗೊಬ್ಬರ ಸಾಲದ ವರ್ಷ. ಮಣ್ಣೇನೋ ಮೆತ್ತಗಾಯಿತು, ರಾಗಿ ಪೈರೂ ಚೆನ್ನಾಗಿ ಬಂತು. ಆದರೆ ಕಳೆ ಕೀಳುವಾಗ ನಮ್ಮಮ್ಮನ ಬೆರಳಿಗೆ ಗಾಜು ಹೊಕ್ಕಿತು. ಉಳುಮೆ ಮಾಡಿದಾಗಲೆಲ್ಲ ಪ್ಲಾಸ್ಟಿಕ್ ಚೂರು ಮೇಲೆ ಬರುತ್ತವೆ, ಈಗಲೂ. ಆಮೇಲೆ ಅಕ್ಕಪಕ್ಕದವರು ಯಾರೂ ಹಾಕಿಸಲಿಲ್ಲ. ಪುಕ್ಕಟೆ ಕೊಟ್ಟರೂ ಬೇಡ ಅಂತಾರೆ.

ಜರಡಿ
ಅದು ಮಿಶ್ರ ಕಸದ ಗೊಬ್ಬರ. 4 ಮಿಲಿಮೀಟರ್ ಜರಡಿ ಹರಿದಿದ್ದರೂ ಹಾಗೆ ಆಗುತ್ತೆ. ಸರ್ಕಾರದ ಗೊಬ್ಬರ ಮಾನದಂಡದಲ್ಲಿ 90%ಕ್ಕೆ ಕಡಿಮೆ ಇಲ್ಲದಷ್ಟು ಆ ಜರಡಿಯಿಂದ ಇಳಿಯಬೇಕು, ಸೀಸ ಕಿಲೋಗೆ 100 ಮಿಲಿಗ್ರಾಂ ಮೀರಬಾರದು ಅಂತೆಲ್ಲ ಇದೆ. ಹೋಗಿ ಲ್ಯಾಬ್ ರಿಪೋರ್ಟ್ ಕೇಳಿ. ಮಾರಾಟ ಆಗದ ಗೊಬ್ಬರವೂ ಘಟಕದಲ್ಲೇ ಗುಡ್ಡೆ ಬೀಳುತ್ತದೆ, ಅದು ಮರೆಯಬೇಡಿ.

ಫೈಲ್ ಓದುವವಳು
ಪರಿಸರ ಅನುಮತಿ ಕಾಗದಗಳನ್ನು ಓದುವುದು ನನ್ನ ಕೆಲಸ. ರಾಗಿಹೊಲ ಅವರಿಗೆ ಕೆಲಸಕ್ಕೆ ಬರುವ ಮಾತು ಮಾತ್ರ ಹೇಳುತ್ತೇನೆ.

ಇಷ್ಟು ದೊಡ್ಡ ಸಾಮೂಹಿಕ ಘನತ್ಯಾಜ್ಯ ಘಟಕಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಮೊದಲೇ ಅನುಮತಿ ಬೇಕು. ಅದಕ್ಕಾಗಿ ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ಕೇಳಿ ಪಡೆಯಿರಿ.

ಕ್ವಾರಿ ಪಕ್ಕದವರೇ, ಒಂದು ವಿಷಯ. ಊರವರು ಸಿಟ್ಟಿಗೆ ಸಭೆಗೇ ಹೋಗಲ್ಲ ಅನ್ನುತ್ತಾರೆ. ಈ ಸಭೆಗೆ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ ಆಯಿತು ಅಂತಲೇ ಲೆಕ್ಕ. ಹಾಗಾಗಿ ಹೋಗಿ. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ನಿಮ್ಮ ಮಾತು ಅದರಲ್ಲಿ ಇದೆಯಾ ಅಂತ ಅಲ್ಲೇ ಕೇಳಿಸಿಕೊಂಡು, ಇಲ್ಲದಿದ್ದರೆ ಅಲ್ಲೇ ಹೇಳಿ. ವಿಡಿಯೋ ಆಗಿರುತ್ತದೆ.

ಇನ್ನು ಮುಖ್ಯ ಪ್ರಶ್ನೆ: ಗುತ್ತಿಗೆದಾರರಿಗೆ ದುಡ್ಡು ಯಾವುದಕ್ಕೆ ಕೊಡುತ್ತಾರೆ? ಗೇಟಿನಲ್ಲಿ ಒಳಗೆ ಬಂದ ಟನ್ ಲೆಕ್ಕಕ್ಕಾ, ಹೊರಗೆ ಹೋದ ಗೊಬ್ಬರ, ಗ್ಯಾಸ್, ಆರ್‌ಡಿಎಫ್ ಲೆಕ್ಕಕ್ಕಾ? ಬಂದ ಟನ್‌ಗೆ ದುಡ್ಡು ಅಂದರೆ ಒಳಗೆ ತುಂಬುತ್ತಾ ಹೋಗುವುದೇ ಲಾಭ. ಮಗುಚುವುದು, ಜರಡಿ ಹಿಡಿಯುವುದು, ಕಲಬುರಗಿಗೆ ಲಾರಿ ಕಳಿಸುವುದು ಎಲ್ಲವೂ ಖರ್ಚು. ಜರಡಿಯವರು ಹೇಳಿದ ಕಥೆಯ ಬೇರು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ದುಡ್ಡಿನ ಬಹುಪಾಲು ಹೊರಗೆ ಹೋದ ಮಾಲಿಗೆ ಕಟ್ಟಬೇಕು. ಇದನ್ನು ಟೆಂಡರ್ ಆಗುವ ಮೊದಲೇ ಕೇಳಬೇಕು, ಆಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಬಫರ್ ವಲಯವನ್ನೂ ಕೇಳಿ. 2016ರ ನಿಯಮದಲ್ಲಿ ದಿನಕ್ಕೆ 5 ಟನ್ ಮೀರಿದ ಘಟಕದ ಸುತ್ತ ಕಟ್ಟಡ ಬೆಳೆಯದ ಹಾಗೆ ಜಾಗ ಬಿಡಬೇಕು ಅಂತ ಇತ್ತು. ಎಚ್ಎಸ್ಆರ್ ಲೇಔಟ್ ಪಕ್ಕದ ಕಾಂಪೋಸ್ಟ್ ಘಟಕ 1975ರಲ್ಲಿ ಶುರುವಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ್ದು. ಆಗ ಸುತ್ತ ಬಯಲು. ಆಮೇಲೆ ಲೇಔಟ್ ಬಂತು, ಅಪಾರ್ಟ್‌ಮೆಂಟ್ ಬಂತು, ಕೊನೆಗೆ ವಾಸನೆ ಅಂತ ಜಗಳ ಆಯಿತು. ಲಿಂಗಧೀರನಹಳ್ಳಿಯಲ್ಲಿ ಉಲ್ಟಾ: ಬಡಾವಣೆಗೆ ಅಂಟಿಕೊಂಡೇ ಘಟಕ ಬಂತು, ಜನ ಬೀದಿಗಿಳಿದರು.

ಕ್ವಾರಿ ಪಕ್ಕ
ಒಳ್ಳೆಯ ಮಾತೇ. ಆದರೆ ಕಾಗದದಲ್ಲಿ ಬರೆದದ್ದನ್ನು ಯಾರು ನೋಡುತ್ತಾರೆ? ನಮಗೂ ಕಾಗದ ಕೊಟ್ಟಿದ್ದರು. ಇಷ್ಟು ವರ್ಷಕ್ಕೆ ಮುಚ್ಚುತ್ತೇವೆ, ಕುಡಿಯುವ ನೀರು ಕೊಡುತ್ತೇವೆ, ಆಸ್ಪತ್ರೆ ಕಟ್ಟುತ್ತೇವೆ. ಟ್ಯಾಂಕರ್ ನೀರು ಮಾತ್ರ ಬಂತು, ಅದೂ ವಾರಕ್ಕೆ ಎರಡು ಸಲ.

ನನ್ನ ಷರತ್ತು ಒಂದೇ. ಗೇಟ್ ಹತ್ತಿರ ಊರಿನವರು ಇರಬೇಕು. ಮಿಶ್ರ ಕಸದ ಗಾಡಿ ಬಂದರೆ ವಾಪಸ್ ಕಳಿಸುವ ಹಕ್ಕು ಊರಿಗೆ ಇರಬೇಕು. ಜರಡಿಯವರಿಗೆ ಆ ಹಕ್ಕು ಇರಲಿಲ್ಲ ಅಂತ ಅವರೇ ಹೇಳಿದರು. ಸಂಬಳ ತೆಗೆದುಕೊಳ್ಳುವವರಿಗೆ ಯಾವತ್ತೂ ಇರಲ್ಲ.

ಮೂರನೇ ಕ್ರಾಸ್
ಗಾಡಿ ವಾಪಸ್ ಬಂದರೆ ನಮ್ಮ ಬೀದಿಯಲ್ಲೇ ನಿಲ್ಲುತ್ತದೆ ಅಲ್ವಾ?

ಕ್ವಾರಿ ಪಕ್ಕ
ನಿಲ್ಲಲಿ. ಎರಡು ದಿನ ನಿಂತರೆ ಆರೂವರೆ ಅಣ್ಣನಿಗೆ ಎರಡನೇ ಗಾಡಿ ಸಿಗುತ್ತದೆ.

ಬೆಳಗ್ಗೆ ಆರೂವರೆ
😀 ಸಿಗಲೂಬಹುದು.

ಫೈಲ್ ಓದುವವಳು
ತಮಾಷೆ ಅಲ್ಲ, ಇದನ್ನು ಷರತ್ತಾಗಿ ಬರೆಸಬಹುದು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಪ್ರತಿಯನ್ನು ಅಹವಾಲು ಸಭೆಯಲ್ಲಿ ಕೊಡಿ. ಮಿಶ್ರ ಕಸ ಬಂದರೆ ವಾಪಸ್. ಘಟಕದ ಸಾಮರ್ಥ್ಯ ಮೀರಿದ ದಿನ ಗೇಟ್ ಬಂದ್. ರಿಜೆಕ್ಟ್ ಆವರಣದಲ್ಲಿ ಎಷ್ಟು ದಿನ ಇರಬಹುದು ಅನ್ನೋದಕ್ಕೆ ಮಿತಿ. ಸುತ್ತಲಿನ ಬೋರ್‌ವೆಲ್ ನೀರನ್ನು ಘಟಕ ಶುರುವಾಗುವ ಮೊದಲೇ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಮೊದಲಿನ ರಿಪೋರ್ಟ್ ಇಲ್ಲದಿದ್ದರೆ ನಾಳೆ "ನಿಮ್ಮ ನೀರು ಮೊದಲಿಂದಲೂ ಹೀಗೇ ಇತ್ತು" ಅಂತಾರೆ.

ರಾಗಿಹೊಲ
ನೀರಿನ ಪರೀಕ್ಷೆ ಮಾತು ನಮಗೆ ಯಾರಿಗೂ ಹೊಳೆದಿರಲಿಲ್ಲ. ಈ ವಾರವೇ ನಾಲ್ಕೈದು ಬೋರ್‌ವೆಲ್ ನೀರು ಹಿಡಿದು ಲ್ಯಾಬ್‌ಗೆ ಕಳಿಸುತ್ತೇವೆ. ಗೋಮಾಳದ ಕೆಳಗೇ ನಮ್ಮ ಕೆರೆ ಇದೆ, ಕುಡ್ಲದವರು ಹೇಳಿದ ಮೇಲೆ ಅದೇ ತಲೆಯಲ್ಲಿ ಕೊರೆಯುತ್ತಿದೆ. ಬೇರೆ ಜಾಗ ತೋರಿಸಿ ಅಂತ ಅದನ್ನೇ ಮೊದಲು ಕೇಳುತ್ತೇವೆ. ಹುಡುಗರನ್ನು ಕರೆದುಕೊಂಡು ಈಗ ನಡೆಯುತ್ತಿರುವ ಒಂದು ಘಟಕ ನೋಡಿ ಬರೋಣ ಅಂತಿದ್ದೇವೆ. ಜರಡಿ ಅಣ್ಣಾ, ಹೋದಾಗ ಏನು ನೋಡಬೇಕು?

ಜರಡಿ
ಹೇಳಿ ಹೋಗಬೇಡಿ, ಹೇಳಿದರೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಸುಗಂಧ ಸಿಂಪಡಿಸಿ, ಗೇಟಿಗೆ ಬಾಳೆಕಂದು ಕಟ್ಟಿರುತ್ತಾರೆ. ಜೋರು ಮಳೆ ಬಂದ ಮಾರನೇ ದಿನ ಹೋಗಿ. ವಿಂಡ್ರೋ ಮೇಲೆ ಶೆಡ್ ಇದೆಯಾ ನೋಡಿ. ಕೊಳೆತ ನೀರಿನ ಟ್ಯಾಂಕ್ ಎಲ್ಲಿದೆ ಕೇಳಿ, ಅದು ತುಂಬಿ ಹೊರಗೆ ಹರಿದ ಗುರುತು ಇದೆಯಾ ನೋಡಿ. ಹಿತ್ತಲಿಗೆ ಹೋಗಿ, ಅಲ್ಲಿಗೆ ಬೇಡ ಅಂದರೆ ಖಂಡಿತ ಹೋಗಿ. ಬೇಲ್‌ಗಳ ಮೇಲೆ ಗಿಡ ಬೆಳೆದಿದ್ದರೆ ಅವು ಒಂದು ಮಳೆಗಾಲವಾದರೂ ಅಲ್ಲೇ ಇವೆ ಅಂತ ಅರ್ಥ. ಕೊನೆಗೆ ವೇಬ್ರಿಜ್ ರಿಜಿಸ್ಟರ್ ಕೇಳಿ. ಹಿಂದಿನ ತಿಂಗಳು ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು. ಹೊರಗಿನ ಪುಟ ಖಾಲಿ ಇದ್ದರೆ ಫೋಟೋ ತೆಗೆದುಕೊಂಡು ಬನ್ನಿ, ಅಹವಾಲು ಸಭೆಗೆ ಬೇಕಾಗುತ್ತದೆ. ಗಂಬೂಟ್ ಹಾಕಿಕೊಳ್ಳಿ, ಚಪ್ಪಲಿಯಲ್ಲಿ ಹೋಗಬೇಡಿ.